ಕೌಜುಗ ಛಾಪದ ಹಳದಿ ಪೆನ್ಸಿಲ್

ಬಸವಂತರಾಯರು ಚಪ್ಪಲಿ ಬಿಡುವುದನ್ನೂ ಮರೆತು ಕಲ್ಯಾಣಮ್ಮನವರ ಪಡಸಾಲೆಗೆ ನುಗ್ಗಿದ್ದನ್ನು ಕಂಡು ಆದಪ್ಪನಿಗೆ ಮೈಯೆಲ್ಲ ಉರಿಯಿತು. ಉರಿಗೆ ಚಪ್ಪಲಿ ಕಾರಣವಾಗಿರಲಿಲ್ಲ. ಬಳಗಾನೂರಿನಲ್ಲಿ ಅವನ ತಂಗಿಯ ಮೊಮ್ಮಗಳು ಯಮನೂರಮ್ಮ ಶುಕ್ರವಾರದಿಂದ ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದಿದ್ದಳು. ಅವಳ ಜೊತೆ ಶಾಲೆಯ ಇನ್ನೂ ಹತ್ತು ಮಕ್ಕಳು ಮಲಗಿದ್ದರು. ಅಷ್ಟೂ ಮಕ್ಕಳ ಕೈಯಲ್ಲಿ ಇದ್ದದ್ದು ಮಸ್ಕಿಯಲ್ಲಿ ಈ ರಾಯರ ಕಾರ್ಖಾನೆ ತಯಾರಿಸಿದ ಕೌಜುಗ ಛಾಪದ ಬಣ್ಣದ ಪೆನ್ಸಿಲ್. ಯಮನೂರಮ್ಮನಿಗೆ ಆ ಡಬ್ಬಿಯನ್ನು ಮುಟ್ಟಿಸಲು ಹೇಳಿ ಕಳಿಸಿದವನು ಸ್ವತಃ ಆದಪ್ಪ. ಅದನ್ನು ನೆನೆದರೆ ಅವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅಕ್ಕಾರ, ನನ್ನ ಖಾಜಾನ್ನ ಉಳಸ್ರಿ," ಎಂದರು ರಾಯರು. "ಪೊಲೀಸ್ ಅಮೀನ ಬಂದು ಕಾರ್ಖಾನಿಗೆ ಬೀಗ ಜಡದಾನ. ನಾಳಿ ಮಧ್ಯಾಹ್ನದ ಬಸ್ಸಿಗೆ ಖಾಜಾನ್ನ ಲಿಂಗಸುಗೂರಿಗೆ ಒಯ್ತೀನಿ ಅಂತಾನ. ಬಣ್ಣ ಕಲಸಾವ ಅವನೊಬ್ಬನ, ವಿಷ ಕಲಸಿದಾವನೂ ಅವನ ಅಂತ ಊರೆಲ್ಲ ಗುಸುಗುಸು ನಡದೈತಿ."

"ನೀ ಏನಂತೀಪಾ?"

"ಅವ ಹಂಗ ಮಾಡ್ಯಾನ ಅಂತಂದ್ರ, ನಾನೂ ಮಾಡೀನಿ ಅಂತ ಬರಕೊಳ್ರಿ."

ಕಲ್ಯಾಣಮ್ಮನವರು ಕನ್ನಡಕ ಒರೆಸುತ್ತಾ ಆದಪ್ಪನ ಕಡೆ ನೋಡಿದರು. ಮಸ್ಕಿಯ ಶಾಲೆಯಲ್ಲಿ ಅವರು ಪಾಠ ಹೇಳುವ ಅಕ್ಕಾವರಾಗಿದ್ದಷ್ಟು ವರ್ಷ ಆದಪ್ಪ ಅಲ್ಲಿ ಗಂಟೆ ಬಾರಿಸಿದವನು. ಇಬ್ಬರೂ ನೌಕರಿ ಮುಗಿಸಿದ ಮೇಲೂ ದಿನಾ ಬೆಳಿಗ್ಗೆ ಹಾಜರಿ ತಪ್ಪಿಸಿರಲಿಲ್ಲ. ಕಳುವಾದ ಸರ, ಕಾಣೆಯಾದ ಸೊಸೆ, ಸುಳ್ಳು ಸಾಕ್ಷಿ, ಹೀಗೆ ಮಸ್ಕಿಯ ಎಷ್ಟೋ ಗಂಟುಗಳು ಬಿಚ್ಚಿದ್ದು ಇದೇ ಪಡಸಾಲೆಯಲ್ಲಿ. ಊರಿನ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರಾದ್ದರಿಂದ ಅವರ ಮುಂದೆ ಸುಳ್ಳು ಹೇಳಲು ಎಲ್ಲರಿಗೂ ಸ್ವಲ್ಪ ಅಳುಕು. ಆದರೆ ಈ ಸಲ ಆದಪ್ಪ ಯಾರನ್ನೂ ನಂಬುವುದಿಲ್ಲ ಎಂದು ಪಣ ತೊಟ್ಟಿದ್ದ. ಖಾಜಾಸಾಬ್ ಅವನ ಬಾಲ್ಯದ ಗೆಳೆಯ. ಆದರೂ ಈಗ ಅವನನ್ನಂತೂ ನಂಬುವ ಮಾತೇ ಇರಲಿಲ್ಲ. ಕಲಸಿದವನು ಅವನೇ ತಾನೆ?

ಕೌಜುಗ ಛಾಪ ಹುಟ್ಟಿದ ಬಗೆ ಆ ಸೀಮೆಗೆಲ್ಲ ಗೊತ್ತಿತ್ತು. ನಲವತ್ತೆಂಟರ ಹಿಂದೂ-ಮುಸ್ಲಿಂ ಗದ್ದಲದಲ್ಲಿ ಖಾಜಾಸಾಬ್ ರಾಯರನ್ನು ಮೂರು ದಿನ ತನ್ನ ಮೇವಿನ ಬಣವಿಯಲ್ಲಿ ಬಚ್ಚಿಟ್ಟು ಉಳಿಸಿದ್ದ. ಗಾಳಿ ತಿರುಗಿದಾಗ ಖಾಜಾಸಾಬನ ಹೆಂಡತಿ ಮಕ್ಕಳು ರಾಯರ ಮನೆಯಲ್ಲಿ ಒಂದು ತಿಂಗಳು ಉಳಿದರು. ಮರುವರ್ಷ ಸುತ್ತಲಿನ ಶಾಲೆಗಳಲ್ಲಿ ಕನ್ನಡ ಪಾಠ ಶುರುವಾಗಿ, ಮಕ್ಕಳಿಗೆ ಚಿತ್ರ ಬರೆಯಲು ಬಣ್ಣ ಬೇಕಾಯಿತು. ಖಾಜಾಸಾಬ್ ಮುದಗಲ್ಲಿನಲ್ಲಿ ಮೊಹರಮ್ಮಿನ ಡೋಲಿಗಳಿಗೆ ಬಣ್ಣ ಕಟ್ಟುವ ಮನೆತನದವನು. ಗುಡ್ಡದ ಬಣ್ಣದ ಮಣ್ಣು, ಜೇನುಮೇಣ, ಜಾಲಿ ಅಂಟು ಕಲಸಿ ಬತ್ತಿ ಹೊಸೆದು, ಹಗುರ ಕಟ್ಟಿಗೆಯೊಳಗೆ ಕೂಡಿಸಿದ. ಆರು ಬಣ್ಣ, ರಟ್ಟಿನ ಡಬ್ಬಿ, ಮೇಲೆ ಕತ್ತೆತ್ತಿ ನಿಂತ ಕೌಜುಗ ಹಕ್ಕಿ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಆ ಡಬ್ಬಿ ಇಲ್ಲದ ಶಾಲೆಯ ಚೀಲವೇ ಇರಲಿಲ್ಲ.

ಮಕ್ಕಳಿಗೆ ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಬರೆಯುವ ಚಟ. ಒದ್ದೆಯಾದರೆ ಬಣ್ಣ ಎದ್ದು ಕಾಣುತ್ತಿತ್ತು. ಅದಕ್ಕೇ ಮಾರಾಟಕ್ಕೆ ಹೋಗುವ ವೆಂಕೋಬ ಪ್ರತಿ ತರಗತಿಯಲ್ಲೂ ಆರು ಪೆನ್ಸಿಲನ್ನು ಒಂದೊಂದಾಗಿ ಎಲ್ಲರೆದುರು ನೆಕ್ಕಿ, "ಮಣ್ಣು, ಮೇಣ, ಅಂಟು. ಅಂಜಬ್ಯಾಡ್ರಿ!" ಎಂದು ನಗಿಸಿ ಡಬ್ಬಿ ಹಂಚುತ್ತಿದ್ದ. ಇದು ಐದು ವರ್ಷದ ಪದ್ಧತಿ. ಕೌಜುಗ ಛಾಪಕ್ಕೆ ಇದ್ದ ಹೆಸರೆಲ್ಲ ಆ ನಾಲಿಗೆಯ ಮೇಲೆ ನಿಂತಿತ್ತು ಎಂದರೂ ತಪ್ಪಿಲ್ಲ.

ಕಲ್ಯಾಣಮ್ಮನವರು ಯಮನೂರಮ್ಮನ ಡಬ್ಬಿ ತರಿಸಿಕೊಂಡರು. ಬಿಳಿ ಹಾಳೆಯ ಮೇಲೆ ಕೆಂಪು ಎಳೆದರು, ನುಣ್ಣಗೆ ಓಡಿತು. ನೀಲಿಯೂ ಹಾಗೇ. ಹಳದಿ ಎಳೆದಾಗ ಮಾತ್ರ ಕರಕರ ಎಂದು ಹಾಳೆ ಗೀರಿತು. ಗೀರಿದಲ್ಲಿ ಸಣ್ಣ ಚೂರುಗಳು ಮಿಣಮಿಣ ಹೊಳೆದವು. ಅವರು ಹಳದಿಯನ್ನು ಸ್ವಲ್ಪ ಕೆರೆದು ಒಲೆಯ ಕೆಂಡದ ಮೇಲೆ ಉದುರಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಯಾರ ಮನ್ಯಾಗ ಬೆಳ್ಳುಳ್ಳಿ ಒಗ್ಗರಣಿ ಹಾಕ್ಯಾರ್ರಿ?" ಎಂದ ಆದಪ್ಪ.

"ಯಾರೂ ಹಾಕಿಲ್ಲ. ಹಿಂದಕ ಸರಿ. ಸುಟ್ಟರ ಬೆಳ್ಳುಳ್ಳಿ ನಾತ ಬರೋ ಹಳದಿ ಒಂದ ಐತಿ. ಹರಿದಾಳ. ಹೊಟ್ಟಿಗೆ ಹೋದ್ರ ವಿಷ. ಬಸವಂತ, ನಿನ್ನ ಹಳದಿ ಮಣ್ಣಿನಾಗ ಅದು ಹುಟ್ಟತೈತೇನು?"

"ಇಲ್ರಿ ಅಕ್ಕಾರ. ಐದು ವರ್ಷದಿಂದ ಅದ ಗುಡ್ಡದ ಮಣ್ಣು."

"ಹಂಗಾದ್ರ ಯಾರೋ ತಂದು ಹಾಕ್ಯಾರ. ನಡೀರಿ."

ಕಾರ್ಖಾನೆ ಎಂದರೆ ಗುಡ್ಡದ ಬುಡದಲ್ಲಿ ಎರಡು ತಗಡಿನ ಚಪ್ಪರ, ಒಂದು ಬೇವಿನ ಮರ, ಅಂಗಳದ ನಡುವೆ ಹಳೆಯ ಕಾಲದ ಗಚ್ಚು ಅರೆಯುವ ಗಾಣ. ದುಂಡನೆಯ ಕಲ್ಲಿನ ದೋಣಿಯೊಳಗೆ ಕಲ್ಲಿನ ಗಾಲಿ ಉರುಳುವುದು, ಎತ್ತು ಅದನ್ನು ಎಳೆದು ಸುತ್ತುವುದು. ಬಣ್ಣದ ಮಣ್ಣೆಲ್ಲ ಅದರಲ್ಲೇ ನುಣ್ಣಗಾಗುತ್ತಿತ್ತು. ಬೇವಿನ ಕೆಳಗೆ ಕಟ್ಟಿದ್ದ ಬಿಳಿ ಎತ್ತು ಮೆಲುಕು ಹಾಕುತ್ತಿತ್ತು. ಅದರ ಹಿಂಗಾಲಿನ ಗೊರಸಿನ ಸಂದಿಯಲ್ಲಿ ಹುಣ್ಣಾಗಿ, ಹಳದಿ ಮದ್ದು ಮೆತ್ತಿತ್ತು. ಹಣೆಯ ಮೇಲೆ ಇಬತ್ತಿ, ಕೊಂಬಿಗೆ ಒಣಗಿದ ಹೂ. ರಾಯರ ತಮ್ಮ ಅಮರಗುಂಡಪ್ಪ ಪ್ರತಿ ಸೋಮವಾರ ಬಂದು ಅದಕ್ಕೆ ಮೈ ತೊಳೆದು, ಹುಣ್ಣಿಗೆ ಮದ್ದು ಹಚ್ಚಿ, ಪೂಜೆ ಮಾಡುವುದು ಊರಿಗೇ ತಿಳಿದ ಸಂಗತಿ. ಬಸವಣ್ಣನ ವಾರ ಎಂದು ಆ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಗಾಣಕ್ಕೂ ಅವತ್ತು ರಜೆ, ಕಾರ್ಖಾನೆಗೂ ರಜೆ. ಮೂರು ವರ್ಷದ ಹಿಂದೆ ವೆಂಕೋಬ ಗಡಿಬಿಡಿಯಲ್ಲಿ ಒಂದು ಸೋಮವಾರ ಎತ್ತು ಹೂಡಿದ್ದಕ್ಕೆ ಅಮರಗುಂಡಪ್ಪ ಬಾಯಿಗೆ ಬಂದಂತೆ ಬೈದು, ಆ ದಿನವೆಲ್ಲ ಉಪವಾಸ ಕೂತಿದ್ದ.

ಅಮೀನ ಕುರ್ಚಿಯಿಂದ ಎದ್ದು ನಿಂತು ಟೋಪಿ ತೆಗೆದ. ಅವನೂ ಅಕ್ಕಾವರ ಹತ್ತಿರವೇ ಅಕ್ಷರ ತಿದ್ದಿದವನು.

"ನಾಳಿ ಬಸ್ಸಿನ ತನಕ ನಿಂದು ಏನೂ ಅವಸರ ಇಲ್ಲಲ್ಲ?"

"ಇಲ್ರಿ ಅಕ್ಕಾರ. ಆದ್ರ ಬಸ್ ಬಿಟ್ಟ ಮ್ಯಾಲ ನನ್ನ ಕೈಯಾಗ ಇಲ್ರಿ."

ಖಾಜಾಸಾಬ್ ಗಾಣದ ಕಟ್ಟೆಯ ಮೇಲೆ ಕೂತಿದ್ದ. ಆದಪ್ಪನನ್ನು ಕಂಡು ಏಳಲು ಹೋದ. ಆದಪ್ಪ ಮುಖ ತಿರುಗಿಸಿಕೊಂಡ. ಖಾಜಾಸಾಬ್ ಹಾಗೇ ಕೂತ.

"ಹಳದಿ ಪುಡಿ ಯಾವಾಗ ಅರದಿದ್ದಿ?" ಎಂದು ಕೇಳಿದರು ಕಲ್ಯಾಣಮ್ಮ.

"ಹೋದ ವಾರದ ಶನಿವಾರರಿ, ಗಾಣದಾಗ. ಗಡಿಗ್ಯಾಗ ತುಂಬಿ ಇಟ್ಟಿದ್ದೆ. ಮಂಗಳವಾರ ಮೇಣದಾಗ ಕಲಸಿದೆ. ಈ ಬಿಸಲಿಗೆ ಬತ್ತಿ ಒಂದ ದಿನಕ್ಕ ಒಣಗತಾವು, ಬುಧವಾರ ಕಟ್ಟಿಗಿ ಕೂಡಿಸಿದ್ವಿ. ಗುರುವಾರ ವೆಂಕೋಬಪ್ಪ ಬಳಗಾನೂರಿಗೆ ಒಯ್ದ."

"ಕಲಸುವಾಗ ಏನೂ ಅನಸಲಿಲ್ಲ?"

ಅವನು ತಲೆ ತಗ್ಗಿಸಿದ. "ಪುಡಿ ಹೊಳೀತಿತ್ರಿ. ಹೊಸ ಗುಂಡಿ ಮಣ್ಣು, ಚಲೋ ಬಂದೈತಿ ಅಂತ ಖುಷಿ ಪಟ್ಟೆ. ನಾನ ನನ್ನ ಕೈಲೆ ಆ ಕೂಸುಗಳಿಗೆ ಹಾಕಿ ಕೊಟ್ಟೆ."

ಕಣ್ಣೀರನ್ನೂ ನಂಬಬಾರದು ಎಂದು ಆದಪ್ಪ ತನಗೆ ತಾನೇ ಹೇಳಿಕೊಂಡ.

ಕಲ್ಯಾಣಮ್ಮನವರು ಚಪ್ಪರದ ಮೂಲೆಯಲ್ಲಿದ್ದ ಕಲಬತ್ತಿನ ಮುಂದೆ ಕೂತರು. ಸ್ವಲ್ಪ ಪುಡಿ ಬೇಕಾದಾಗ ಕೈಯಲ್ಲೇ ಕುಟ್ಟಿ ಅರೆಯುವ ಕಲ್ಲಿನ ಬಟ್ಟಲು ಅದು. ಅದರ ತಳದ ಸಣ್ಣ ತೂತುಗಳಲ್ಲಿ ಹೊಳೆಯುವ ಹಳದಿ ಸಿಕ್ಕಿಕೊಂಡಿತ್ತು.

"ಇದನ್ನ ಯಾರು ಮುಟ್ಟತಾರ?"

"ನಾನರಿ. ಆವತ್ತಿನ ಭಾನುವಾರ ಸಂಜಿಗೆ ತೊಳದು ಬೋರಲು ಹಾಕಿದ್ದೆ. ಮಂಗಳವಾರ ಬಂದಾಗ ಅಂಗಾತ ಇತ್ತು. ಬೆಕ್ಕು ಹೊಳ್ಳಿಸೈತಿ ಅಂತ ಬಿಟ್ಟೆ."

"ಇಷ್ಟು ಭಾರದ್ದು ಬೆಕ್ಕು ಹೊಳ್ಳಸಂಗಿಲ್ಲಪಾ," ಎಂದರು ಅವರು. "ಸೋಮವಾರ ಕೀಲಿ ಯಾರ ಯಾರ ಹತ್ರ ಇದ್ದವು?"

ಮೂರು ಕೀಲಿಗಳಿದ್ದವು. ಒಂದು ಖಾಜಾಸಾಬನದು. ಒಂದು ನಸುಕಿನ ಬಸ್ಸಿಗೆ ಡಬ್ಬಿ ಒಯ್ಯುವ ವೆಂಕೋಬನದು. ಮೂರನೆಯದು ರಾಯರದು. ಅವರು ಹೊಸ ಡಬ್ಬಿಯ ಅಚ್ಚು ಮಾಡಿಸಲು ಆ ಭಾನುವಾರವೇ ರಾಯಚೂರಿಗೆ ಹೋದವರು ಮಂಗಳವಾರ ಬಂದಿದ್ದರು. ಹೋಗುವಾಗ ಎತ್ತಿನ ಪೂಜೆಗೆಂದು ಕೀಲಿಯನ್ನು ತಮ್ಮನಿಗೆ ಕೊಟ್ಟಿದ್ದರು.

ಅಷ್ಟರಲ್ಲಿ ವೆಂಕೋಬ ಬಂದ. ಸದಾ ಹರಟುವ ಆಸಾಮಿ ಅವತ್ತು ಸಪ್ಪಗಿದ್ದ. ಕಣ್ಣು ಗುಳಿ ಬಿದ್ದಿದ್ದವು, ತುಟಿ ಒಡೆದಿತ್ತು.

"ಶುಕ್ರವಾರ ಮುಕ್ಕುಂದದ ಶಾಲಿಗೆ ಹೋಗಬೇಕಿತ್ತಂತ. ಯಾಕ ಹೋಗಲಿಲ್ಲ?"

"ಹೊಟ್ಟಿ ಕೆಟ್ಟಿತ್ರಿ ಅಕ್ಕಾರ. ಸಿಂಧನೂರಾಗ ಭಜಿ ತಿಂದಿದ್ದೆ." ಅವನು ಅವರ ಕಣ್ಣು ತಪ್ಪಿಸಿದ.

ಗುರುವಾರ ಬಳಗಾನೂರಿಗೆ ಹೋಗಿ ನೇರ ವಾಪಸು ಬಂದವನು ಸಿಂಧನೂರಿನಲ್ಲಿ ಭಜಿ ಯಾವಾಗ ತಿಂದ? ಆದಪ್ಪನ ಅನುಮಾನ ಹಗ್ಗ ಬಿಚ್ಚಿದ ಕರುವಿನಂತೆ ಖಾಜಾಸಾಬನನ್ನು ಬಿಟ್ಟು ವೆಂಕೋಬನ ಕಡೆ ಓಡಿತು.

ರಾಯರ ಮನೆಯಿಂದ ಚಹಾ ಬಂತು. ಹಣೆತುಂಬ ಇಬತ್ತಿ ಧರಿಸಿದ ಅಮರಗುಂಡಪ್ಪ ಎಲ್ಲರಿಗೂ ಕೊಡಿಸಿ, ತಾನು ಕೊನೆಗೆ ಎಡಗೈಯಲ್ಲಿ ಕಪ್ಪು ತೆಗೆದುಕೊಂಡ. ಬಲ ಅಂಗೈಗೆ ಅರಿವೆ ಸುತ್ತಿತ್ತು.

"ಕೈಗೇನಾತಪಾ?"

"ಪೂಜಿ ಮಾಡುವಾಗ ಕರ್ಪೂರ ತಾಗಿತ್ರಿ. ವಾರಾದ್ರೂ ಮಾಯಲೊಲ್ಲದು." ಅವನು ನಿಟ್ಟುಸಿರು ಬಿಟ್ಟ. "ನಮ್ಮಣ್ಣ ಭಾಳ ಒಳ್ಳೆಯಾವರಿ. ಡಬ್ಬಿ ಮ್ಯಾಲ ಖಾಜಾನ ಹೆಸರೂ ಅಚ್ಚ ಹಾಕಸ್ತೀನಿ, ಅವನೂ ಮಾಲಕ ಅಂತ ರಾಯಚೂರಿಗೆ ಹೋಗಿ ಬಂದ. ಈಗ ನೋಡ್ರಿ ಏನಾತು."

ಪಾಪ, ಸುಟ್ಟ ಕೈಯಲ್ಲೂ ಅಣ್ಣನ ಚಿಂತೆ ಎಂದು ಆದಪ್ಪ ಮರುಗಿದ. ಕಲ್ಯಾಣಮ್ಮನವರು ಅಲ್ಲಿಂದ ಎದ್ದು ಎತ್ತಿನ ಕಾಲಿನ ಹತ್ತಿರ ಬಹಳ ಹೊತ್ತು ಬಗ್ಗಿ ನಿಂತರು. ಎದ್ದಾಗ ಅವರ ಮುಖ ಗಡುಸಾಗಿತ್ತು.

"ನಾಳಿ ಮುಂಜಾನಿ ಎಲ್ಲಾರೂ ಇಲ್ಲೇ ಸೇರ್ರಿ," ಎಂದಷ್ಟೇ ಹೇಳಿದರು.

ಸೋಮವಾರ ಬೆಳಿಗ್ಗೆ ಬೇವಿನ ನೆರಳಲ್ಲಿ ಎಲ್ಲರೂ ಸೇರಿದರು. ಅಮರಗುಂಡಪ್ಪ ಎತ್ತಿನ ಪೂಜೆ ಆಗಷ್ಟೇ ಮುಗಿಸಿದ್ದ. ಅಮೀನ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಖಾಜಾಸಾಬ್ ಒಂದು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ, ಲಿಂಗಸುಗೂರಿಗೆ ಹೋಗುವವನಂತೆ.

"ವೆಂಕೋಬ, ಎತ್ತು ಹೂಡು. ಗಾಣ ಹೆಂಗ ಅರಿತೈತಿ ಅಮೀನ ನೋಡಲಿ," ಎಂದರು ಕಲ್ಯಾಣಮ್ಮ.

ವೆಂಕೋಬ ಎದ್ದು ನೊಗಕ್ಕೆ ಕೈ ಹಾಕಿಯೇಬಿಟ್ಟ. ಅಮರಗುಂಡಪ್ಪ ಹಾರಿ ಬಂದು ಎತ್ತಿಗೆ ಅಡ್ಡ ನಿಂತ. "ಮುಟ್ಟಬ್ಯಾಡ! ಪ್ರಾಣ ಬಿಟ್ಟೇನು, ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡಗೊಡಂಗಿಲ್ಲ!"

"ಆತು, ಬ್ಯಾಡ ಬಿಡು," ಎಂದು ಕಲ್ಯಾಣಮ್ಮ ಕೂತರು. ಮಡಿಲಲ್ಲಿ ಎರಡು ಹಳದಿ ಪೆನ್ಸಿಲುಗಳಿದ್ದವು. ಒಂದು ಹಿಂದಿನ ತಿಂಗಳದ್ದು, ಒಂದು ಬಳಗಾನೂರಿನದು. ಎರಡನ್ನೂ ಹಾಳೆಯ ಮೇಲೆ ಎಳೆದು ತೋರಿಸಿದರು. "ಇದು ಗಾಣದಾಗ ಅರದಿದ್ದು, ನುಣ್ಣಗ ಐತಿ. ಇದು ಹಾಳಿ ಕೊರಿತೈತಿ. ಮಣ್ಣಿನ ಜೋಡಿ ಹರಿದಾಳ ಕೂಡೈತಿ. ಆ ಹರಿದಾಳ ಗಾಣ ಕಂಡಿಲ್ಲ, ಕಲಬತ್ತಿನಾಗ ಕೈಲೆ ಕುಟ್ಟಿದ್ದು. ಭಾನುವಾರ ಸಂಜಿ ತೊಳದಿಟ್ಟ ಕಲಬತ್ತು ಮಂಗಳವಾರ ಹೊಳ್ಳಿ ಬಿದ್ದಿತ್ತು. ಅಂದ್ರ ಕುಟ್ಟಿದ್ದು ನಡುವಿನ ಸೋಮವಾರ. ಅವತ್ತು ಕೀಲಿ ಇದ್ದಾವರು ಮೂರು ಮಂದಿ."

"ಅದನ್ನ ನಾನೂ ಅಂದಿದ್ದು. ಖಾಜಾ ಅವತ್ತು ಬಂದಾನ," ಎಂದ ಅಮೀನ.

"ಯಾಕ ಬರಬೇಕು? ವಾರದ ಆರು ದಿನ ಗಾಣ ಅವನ ಕೈಯಾಗ ಐತಿ. ಶನಿವಾರನ ಮಣ್ಣಿನ ಜೋಡಿ ಹರಿದಾಳದ ಹೆಂಟಿ ಒಗದಿದ್ರ ಎತ್ತ ಅರದು ಕೊಡತಿತ್ತು. ಏನು ಹಾಕಿದಿ ಅಂತ ಯಾರೂ ಕೇಳತಿರಲಿಲ್ಲ. ರಜಾ ದಿನ ಕದ್ದು ಬಂದು ರಟ್ಟಿ ಮುರಕೊಳ್ಳೋ ಕರ್ಮ ಅವನಿಗೇನಿತ್ತು?"

ಆದಪ್ಪ ಬೆಚ್ಚಿದ. ಇಷ್ಟು ಸರಳವಾದದ್ದು ತನ್ನ ತಲೆಗೆ ಯಾಕೆ ಹೊಳೆಯಲಿಲ್ಲ? ಹೊಳೆಯಲಿಲ್ಲವೋ, ಹೊಳೆಯುವುದು ತನಗೇ ಬೇಡವಾಗಿತ್ತೋ? ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಹಂಗಾದ್ರ ವೆಂಕೋಬನರಿ! ಭಜಿ ತಿಂದೆ ಅಂತ ಸುಳ್ಳು ಹೇಳ್ಯಾನ!"

"ಸುಳ್ಳು ಹೇಳ್ಯಾನ, ಖರೆ. ವೆಂಕೋಬ, ಬಳಗಾನೂರಾಗ ಎಷ್ಟು ತರಗತಿ ತಿರಗಿದಿ?"

"ನಾಕರಿ."

"ನಾಕರಾಗೂ ಹಳದಿ ನೆಕ್ಕಿ ತೋರಿಸಿದಿ?"

ವೆಂಕೋಬ ಸಣ್ಣ ದನಿಯಲ್ಲಿ, "ಹೂಂರಿ. ಅವತ್ತ ರಾತ್ರಿಯಿಂದ ವಾಂತಿ. ಹೇಳಿದ್ರ ನಮ್ಮ ಪೆನ್ಸಿಲ್ಲಿಗೆ ಕೆಟ್ಟ ಹೆಸರು ಬರತೈತಿ ಅಂತ ಮುಚ್ಚಿಟ್ಟೆ," ಎಂದ.

"ವಿಷ ಐತಿ ಅಂತ ಗೊತ್ತಿದ್ದಾವ ನಾಕ ಸಲ ನೆಕ್ಕತಾನೇನು?" ಕಲ್ಯಾಣಮ್ಮ ಅಮೀನನ ಕಡೆ ತಿರುಗಿದರು. "ಮ್ಯಾಲ ಈಗ ನೀನ ನೋಡಿದಿ. ಹೂಡು ಅಂದ ಕೂಡಲೆ ನೊಗಕ್ಕ ಕೈ ಹಾಕಿದ. ಸೋಮವಾರ ಇಲ್ಲಿ ಒಬ್ಬನ ಇದ್ದಿದ್ರ ಅವ ಗಾಣಾನ ಹೂಡತಿದ್ದ. ಸಪ್ಪಳ ಆಗತೈತಿ ಅಂತ ಹೂಡಿಲ್ಲ ಅನಬ್ಯಾಡ. ಕಲಬತ್ತು ಕುಟ್ಟೋ ಸಪ್ಪಳ ಗಾಣಕ್ಕಿಂತ ದೊಡ್ಡದು. ಎತ್ತು ಇಲ್ಲೇ ಕಟ್ಟೈತಿ, ಗಾಣ ಇಲ್ಲೇ ಐತಿ, ನೋಡಾವರು ಯಾರೂ ಇಲ್ಲ. ಆದ್ರೂ ಒಬ್ಬಾವ ಅರ್ಧ ದಿನ ಕೂತು ಅಂಗೈ ಹರಿಯೂ ತನಕ ಕುಟ್ಟ್ಯಾನ. ಯಾಕ? ಅವತ್ತು ಸೋಮವಾರ. ಯಾರ ನೋಡಲಿ ಬಿಡಲಿ, ಸೋಮವಾರ ಆ ಎತ್ತು ಹೂಡಲಾರದಾವ ಅವ."

ಬಸವಂತರಾಯರು ನಿಧಾನವಾಗಿ ತಮ್ಮನ ಕಡೆ ತಿರುಗಿದರು.

"ಅಮರಗುಂಡಪ್ಪ, ಕೈ ಬಿಚ್ಚು," ಎಂದರು ಕಲ್ಯಾಣಮ್ಮ, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲೇ. "ಕರ್ಪೂರ ತಾಗಿದ್ರ ಬೆರಳಿನ ತುದಿ ಸುಡಬೇಕು. ನಿಂದು ಅಂಗೈ. ಬೊಕ್ಕಿ ಒಡದು, ಅದಕ್ಕ ಹರಿದಾಳ ಹತ್ತಿ ಮಾಯವಲ್ಲದು. ನೀ ಎತ್ತಿನ ಗೊರಸಿಗೆ ಹಚ್ಚಿದ ಮದ್ದು ನಿನ್ನೆ ಕೆಂಡಕ್ಕ ಹಾಕಿ ನೋಡೀನಿ. ಅದಕ್ಕೂ ಬೆಳ್ಳುಳ್ಳಿ ನಾತ. ನೀ ತಂದಿದ್ದು ಎತ್ತಿಗೆ, ಉಳದಿದ್ದು ಗಡಿಗಿಗೆ."

ಅವನು ಅರಿವೆ ಬಿಚ್ಚಲಿಲ್ಲ. ಬಿಚ್ಚುವ ಅಗತ್ಯವೂ ಇರಲಿಲ್ಲ. ಎತ್ತಿನ ಕೊರಳಿಗೆ ಒರಗಿ ಕುಸಿದು ಕೂತ.

"ಸಾಯೂದಕ್ಕ ಹಾಕಿಲ್ರಿ. ಒಂದೀಟು ವಾಂತಿ ಆದ್ರ ಎಲ್ಲಾರೂ ಖಾಜಾನ್ನ ಬೈದು ಓಡಸ್ತಾರ ಅಂದ್ಕೊಂಡೆ. ಒಡಹುಟ್ಟಿದ ತಮ್ಮ ನಾ ಇರುವಾಗ ಡಬ್ಬಿ ಮ್ಯಾಲ ಅವನ ಹೆಸರು ಯಾಕಣ್ಣ?"

"ಅವತ್ತು ಯಾರರ ಅವನ ಬಣವಿ ಸುಟ್ಟಿದ್ರ ನಾನೂ ಅವನೂ ಇಬ್ಬರೂ ಸುಡತಿದ್ವಿ. ಅದಕ್ಕ," ಎಂದಷ್ಟೇ ಹೇಳಿ ರಾಯರು ಮುಖ ಮುಚ್ಚಿಕೊಂಡರು.

"ಮೂಕ ಎತ್ತಿನ ಹೆಗಲಿಗೆ ಒಂದು ದಿನ ಭಾರ ಆಗಬಾರದು ಅಂತ ಇಷ್ಟು ಕಾಳಜಿ ಮಾಡಿದಿ," ಎಂದರು ಕಲ್ಯಾಣಮ್ಮ. ಅವರ ದನಿ ನಡುಗುತ್ತಿತ್ತು. ಅಷ್ಟು ವರ್ಷದಲ್ಲಿ ಆದಪ್ಪ ಆ ದನಿ ನಡುಗಿದ್ದನ್ನು ಕೇಳಿರಲಿಲ್ಲ. "ಆ ಕಾಳಜಿಯಾಗ ಒಂದು ಚೂರು ಆ ಹನ್ನೊಂದು ಕೂಸುಗಳಿಗೆ ಇಡಬಾರದಿತ್ತೇನಪಾ?"

ಮಧ್ಯಾಹ್ನದ ಬಸ್ಸಿಗೆ ಅಮೀನನ ಜೊತೆ ಅಮರಗುಂಡಪ್ಪ ಹೋದ. ಖಾಜಾಸಾಬ್ ತನ್ನ ಗಂಟು ಬಿಚ್ಚಿ, ಅದರಲ್ಲಿದ್ದ ಹೊದಿಕೆಯನ್ನು ಓಡಿಹೋಗಿ ಕಿಟಕಿಯಲ್ಲಿ ಅವನ ತೊಡೆಯ ಮೇಲೆ ಹಾಕಿ ಬಂದ. ಆದಪ್ಪನಿಗೆ ಅದನ್ನು ನೋಡಲಾಗಲಿಲ್ಲ.

ಒಂದು ತಿಂಗಳು ಕಳೆಯಿತು. ಬಳಗಾನೂರಿನ ಮಕ್ಕಳೆಲ್ಲ ಎದ್ದು ಓಡಾಡತೊಡಗಿದರು. ಹೊಸ ಡಬ್ಬಿ ಬಂತು. ಕೌಜುಗದ ಕೆಳಗೆ ಎರಡು ಹೆಸರು, ಬಸವಂತರಾಯ, ಖಾಜಾಸಾಬ್. ಆದರೆ ಒಂದು ಶಾಲೆಯಲ್ಲೂ ಒಂದು ಡಬ್ಬಿಯೂ ಮಾರಾಟವಾಗಲಿಲ್ಲ. ವೆಂಕೋಬ ಎಷ್ಟು ನೆಕ್ಕಿ ತೋರಿಸಿದರೂ ತಾಯಂದಿರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕೌಜುಗ ಛಾಪ ಅಲ್ಲಿಗೇ ಮುಗಿಯಿತೆಂದು ಎಲ್ಲರೂ ತಿಳಿದರು.

ಒಂದು ಬೆಳಿಗ್ಗೆ ಆದಪ್ಪ ತಾನಾಗಿಯೇ ಕಾರ್ಖಾನೆಗೆ ಹೋದ. ಖಾಜಾಸಾಬ್ ಮೇಣ ಕಲಸುತ್ತಿದ್ದ.

"ಖಾಜಾ, ನಾ ನಿನ್ನ ಮ್ಯಾಲ ಅನುಮಾನ ಪಟ್ಟೆಲೇ."

"ಗೊತ್ತೈತಿ. ಮುಖ ತಿರುವಿದ್ದು ನೋಡೀನಿ."

"ಬೈಯಲ್ಲೇನು?"

"ಕೂಸು ಮಲಗಿತ್ತಲ್ಲ. ನಿನ್ನ ಜಾಗದಾಗ ನಾ ಇದ್ರೂ ಹಂಗ ಮಾಡತಿದ್ದೆ. ಬಾ, ಬಳಗಾನೂರಿಗೆ ಹೋಗೂಣು."

ಇಬ್ಬರೂ ಬಸ್ಸು ಹತ್ತಿದರು. ಶಾಲೆಯ ಬಾಗಿಲಲ್ಲಿ ಯಮನೂರಮ್ಮ ಖಾಜಾಸಾಬನ ಕೈಯಲ್ಲಿದ್ದ ಡಬ್ಬಿ ನೋಡಿ ಕಂಬದ ಹಿಂದೆ ಸರಿದಳು. ಬಾಗಿಲಲ್ಲಿ ನಿಂತ ತಾಯಂದಿರು ನೋಡುತ್ತಿದ್ದರು. ಆದಪ್ಪ ಗೆಳೆಯನ ಕೈಯಿಂದ ಡಬ್ಬಿ ತೆಗೆದುಕೊಂಡ. ಬೇರೆ ಐದನ್ನು ಬಿಟ್ಟು ಹಳದಿಯನ್ನೇ ಆರಿಸಿದ. ಎಲ್ಲರೆದುರು ಅದರ ತುದಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಅವಸರವಿಲ್ಲದೆ ಚೀಪಿದ.

"ಹೆಂಗೈತಿ ಅಜ್ಜ?" ಎಂದಳು ಯಮನೂರಮ್ಮ ಕಂಬದ ಹಿಂದಿನಿಂದ.

"ಮಣ್ಣು, ಮೇಣ, ಅಂಟು. ನಮ್ಮ ಖಾಜಾನ ಕೈದು."

ಹುಡುಗಿ ಮೆಲ್ಲಗೆ ಬಂದು ಅವನ ಬಾಯಿಂದ ಪೆನ್ಸಿಲ್ ಕಿತ್ತುಕೊಂಡಳು, ಲಂಗಕ್ಕೆ ಒರೆಸಿದಳು. ಒಮ್ಮೆ ಖಾಜಾಸಾಬನ ಮುಖ ನೋಡಿ, ತುದಿಯನ್ನು ನಾಲಿಗೆಗೆ ತಾಗಿಸಿ ಬರೆಯಲು ಕೂತಳು.